ಅಪ್ಪ ಹಾಲಿಗೆ ಛತ್ರಿ ಅಂದ ದಿನ

ಚೆನ್ನೈನಲ್ಲಿ ಭಾನುವಾರ ಬೆಳಿಗ್ಗೆ ಇಷ್ಟು ಜನ ಕನ್ನಡದವರು ಎದ್ದು ಬಂದಿದ್ದೀರಿ ಅಂದ್ರೆ ನನಗೆ ಖುಷಿ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಡಾಕ್ಟರಲ್ಲ. ಶೋಲಿಂಗನಲ್ಲೂರಿನಲ್ಲಿ ಕೂತು ಕೋಡ್ ಬರೆಯೋ ಮನುಷ್ಯ. ಎಂಟೆಕ್‌ನಲ್ಲಿ ನ್ಯೂರಲ್ ನೆಟ್‌ವರ್ಕ್ ಅಂತ ಒಂದು ಪೇಪರ್ ಇತ್ತು, ಒಳ್ಳೆ ಗ್ರೇಡೂ ಬಂತು. ಆದರೆ ನಿಜವಾದ ನ್ಯೂರಾನ್ ದೇಹದಲ್ಲಿ ಎಲ್ಲೆಲ್ಲಿರುತ್ತೆ, ಯಾವುದು ಯಾವುದಕ್ಕೆ ಜೋಡಣೆ ಆಗಿದೆ ಅನ್ನೋದು ಎಸ್ಸೆಸ್ಸೆಲ್ಸಿ ಪುಸ್ತಕದ ಚಿತ್ರ ಬಿಟ್ಟರೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇದ್ದಿದ್ದಕ್ಕೆ ನಮ್ಮ ಮನೆಯಲ್ಲಿ ಏನಾಯ್ತು ಅನ್ನೋದರಿಂದಲೇ ಶುರು ಮಾಡ್ತೀನಿ.

2023ರ ಜೂನ್, ಒಂದು ಶನಿವಾರ. ಬೆಳಿಗ್ಗೆ ಏಳು ಹತ್ತಕ್ಕೆ ಊರಿಗೆ ಫೋನ್ ಮಾಡಿದೆ. ನಮ್ಮದು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. "ಏನಪ್ಪಾ, ಕಾಫಿ ಆಯ್ತಾ?" ಅಂದೆ. "ಇಲ್ಲ, ನಿಮ್ಮಮ್ಮ ಛತ್ರಿ ಕಾಯಿಸ್ತಿದಾಳೆ" ಅಂದರು. ನಾನು ನಕ್ಕೆ. ಅವರು ಇನ್ನೇನೋ ಹೇಳೋಕೆ ಹೋಗಿ ತಡವರಿಸಿದರು. ಅಮ್ಮ ಫೋನ್ ತಗೊಂಡು, "ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ ಕಣೋ, ಸುಸ್ತು ಅಷ್ಟೇ. ಓಡಾಡ್ಕೊಂಡೇ ಇದಾರೆ" ಅಂದಳು. ನಾನು, "ಸ್ವಲ್ಪ ಮಲಗಿಸು, ಮಧ್ಯಾಹ್ನ ಮಾಡ್ತೀನಿ" ಅಂದೆ. ಅವತ್ತು ನನಗೊಂದು ರಿಲೀಸ್ ಇತ್ತು.

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಅಮ್ಮನೇ ಫೋನ್ ಮಾಡಿದಳು. ಅಪ್ಪನ ಬಲಗೈಯಿಂದ ಚಮಚ ಬಿದ್ದುಹೋಗ್ತಿದೆ, ಬಾಯಿ ಒಂದು ಕಡೆ ಜಗ್ಗಿದೆ ಅಂದಳು. ಆಗ ಅರ್ಥ ಆಯ್ತು. 108 ಬಂತು. ತುಮಕೂರು ಮುಟ್ಟುವಷ್ಟರಲ್ಲಿ ಮೂರು ಗಂಟೆ. ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್‌ಗೆ ಇರುವ ಸಮಯ ಮುಗಿದಿತ್ತು.

ಬೇರೆ ಯಾರದ್ದೂ ತಪ್ಪಿಲ್ಲ ಇಲ್ಲಿ. ಅಪ್ಪನ ಮೆದುಳು ಏಳು ಹತ್ತಕ್ಕೇ ನನಗೆ ಸಂದೇಶ ಕಳಿಸಿತ್ತು. ನನಗೆ ಓದೋಕೆ ಬರಲಿಲ್ಲ. ಇವತ್ತಿನ ಮಾತು ಆ ಸಂದೇಶ ಓದೋದು ಹೇಗೆ ಅನ್ನೋದರ ಬಗ್ಗೆ.

ಮೊದಲ ಗೊಂದಲ ನಮ್ಮ ಭಾಷೆಯಲ್ಲೇ ಇದೆ. ನಾವು "ನರ" ಅಂತ ಎಷ್ಟು ವಸ್ತುಗಳಿಗೆ ಹೇಳ್ತೀವಿ ನೋಡಿ. ಸಿಟ್ಟು ಬಂದಾಗ ಕತ್ತಿನ ನರ ಉಬ್ಬಿತು ಅಂತೀವಿ, ಅದು ರಕ್ತನಾಳ. ನರಕ್ಕೆ ಇಂಜೆಕ್ಷನ್ ಕೊಟ್ಟರು ಅಂತೀವಿ, ಅದೂ ರಕ್ತನಾಳ. ಮಂಡಿ ಹಿಂದಿನ ನರ ಹಿಡ್ಕೊಂಡಿದೆ ಅಂತೀವಿ, ಅದು ಎಷ್ಟೋ ಸಲ ಸ್ನಾಯುವಿಗೂ ಮೂಳೆಗೂ ನಡುವೆ ಇರುವ ಹುರಿ. ಇಲ್ಲಿ ಚೆನ್ನೈನಲ್ಲಿ "ನರಂಬು" ಅಂತಾರೆ, ಅದೇ ಬೇರಿನ ಪದ. ನಿಜವಾದ ನರ ಅಂದರೆ ರಕ್ತ ಹರಿಯೋ ಕೊಳವೆ ಅಲ್ಲ. ಸಂಕೇತ ಸಾಗಿಸುವ ಎಳೆಗಳ ಕಟ್ಟು, ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಕೇಬಲ್. ಅಪ್ಪನಿಗೆ ಆಗಿದ್ದರಲ್ಲಿ ಕಟ್ಟಿಕೊಂಡಿದ್ದು ರಕ್ತನಾಳ, ಸತ್ತಿದ್ದು ನರಕೋಶ. ಎರಡನ್ನೂ "ನರ" ಅಂತ ಕರೆದರೆ ಏನಾಯ್ತು ಅಂತ ಗೊತ್ತಾಗೋದೇ ಇಲ್ಲ.

ಈಗ ಇಡೀ ವ್ಯವಸ್ಥೆ ಹೇಗಿದೆ ನೋಡೋಣ. ಎರಡು ದೊಡ್ಡ ಭಾಗ. ಮೆದುಳು ಮತ್ತು ಬೆನ್ನುಹುರಿ ಸೇರಿ ಕೇಂದ್ರ ನರಮಂಡಲ. ಅಲ್ಲಿಂದ ಹೊರಗೆ ಬಂದು ಚರ್ಮ, ಸ್ನಾಯು, ಕಣ್ಣು, ಹೃದಯ, ಹೊಟ್ಟೆ ತನಕ ಹೋಗೋದು ಪರಿಧಿ ನರಮಂಡಲ. ಕೇಂದ್ರಕ್ಕೆ ಮೂಳೆಯ ರಕ್ಷಣೆ ಇದೆ: ತಲೆಬುರುಡೆ, ಬೆನ್ನುಮೂಳೆ. ಹೊರಗೆ ಬರುವ ನರಗಳು ಜೋಡಿ ಜೋಡಿ. ಮೆದುಳಿನಿಂದ ನೇರವಾಗಿ 12 ಜೋಡಿ, ಬೆನ್ನುಹುರಿಯಿಂದ 31 ಜೋಡಿ. ಕತ್ತಿನಲ್ಲಿ 8, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ 5, ತುದಿಯಲ್ಲಿ 1. ಒಟ್ಟು 43 ಜೋಡಿ. ಪ್ರತಿಯೊಂದಕ್ಕೂ ತನ್ನದೇ ವಿಳಾಸ ಇದೆ. ಯಾವ ಜೋಡಿ ಯಾವ ಜಾಗಕ್ಕೆ ಹೋಗುತ್ತೆ ಅನ್ನೋದು ನಿಮ್ಮಲ್ಲೂ ನನ್ನಲ್ಲೂ ಹೆಚ್ಚುಕಡಿಮೆ ಒಂದೇ.

ಬೆನ್ನುಹುರಿ ಬೆನ್ನಿನಷ್ಟೇ ಉದ್ದ ಅಂತ ನಾನು ಅಂದ್ಕೊಂಡಿದ್ದೆ. ಅಲ್ಲ. ಅದು ಸುಮಾರು 45 ಸೆಂಟಿಮೀಟರ್, ಸೊಂಟದ ಮೇಲ್ಭಾಗದಲ್ಲೇ ನಿಂತುಹೋಗುತ್ತೆ. ಅಲ್ಲಿಂದ ಕೆಳಗೆ ನರಗಳು ಕುದುರೆ ಬಾಲದ ಹಾಗೆ ಇಳಿಬಿದ್ದಿರುತ್ತವೆ. ದಿನಕ್ಕೆ ಹತ್ತು ಗಂಟೆ ಕೂರೋ ನಮಗೆ ಇದು ಬೇಕಾದ ವಿಷಯ. ಬೆನ್ನುನೋವು ಎಲ್ಲರಿಗೂ ಬರುತ್ತೆ. ಆದರೆ ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಅಥವಾ ಕೂರುವ ಜಾಗ ಮರಗಟ್ಟಿದರೆ, ಆ ಬಾಲದ ಬುಡಕ್ಕೆ ಒತ್ತಡ ಬಿದ್ದಿರಬಹುದು. ಸೋಮವಾರ ನೋಡೋಣ ಅನ್ನೋ ಹಾಗಿಲ್ಲ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಎಲ್ಲ ಕೆಲಸವೂ ಮೆದುಳಿಗೆ ಹೋಗಿ ಬರಬೇಕು ಅಂತಿಲ್ಲ. ಬಿಸಿ ಕಾವಲಿ ಮುಟ್ಟಿದ ತಕ್ಷಣ ಕೈ ತಾನಾಗಿ ಹಿಂದಕ್ಕೆ ಬರುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ ಓದಿದ ಪರಾವರ್ತಿತ ಕ್ರಿಯೆ ಇದೇ. ಸುದ್ದಿ ಬೆನ್ನುಹುರಿಗೆ ಬಂತು, ತೀರ್ಮಾನ ಅಲ್ಲೇ ಆಯ್ತು, ಸ್ನಾಯುವಿಗೆ ಆಜ್ಞೆ ಹೋಯ್ತು. "ಅಯ್ಯೋ, ಸುಟ್ಟಿತು" ಅಂತ ಮೆದುಳಿಗೆ ಗೊತ್ತಾಗೋದು ಆಮೇಲೆ. ತಾಲ್ಲೂಕು ಕಚೇರಿಯಲ್ಲೇ ಮುಗಿಯೋ ಫೈಲನ್ನ ಯಾರೂ ವಿಧಾನಸೌಧಕ್ಕೆ ಕಳಿಸಲ್ಲ ಅಲ್ವಾ, ಹಾಗೆ.

ಎಳೆಗಳ ವೇಗವೂ ಒಂದೇ ಅಲ್ಲ. ಮೈಲಿನ್ ಅನ್ನೋ ಕೊಬ್ಬಿನ ಹೊದಿಕೆ ಇರುವ ದಪ್ಪ ಎಳೆಗಳು ಸೆಕೆಂಡಿಗೆ ನೂರು ಮೀಟರಿಗೂ ಹೆಚ್ಚು ವೇಗದಲ್ಲಿ ಸಂಕೇತ ಒಯ್ಯಬಲ್ಲವು. ಹೊದಿಕೆ ಇಲ್ಲದ ಸಣ್ಣ ಎಳೆಗಳದ್ದು ಸೆಕೆಂಡಿಗೆ ಒಂದೆರಡು ಮೀಟರ್, ನಾವು ನಡೆಯೋ ವೇಗ. ಕಾಲಿನ ಬೆರಳು ಹೊಸ್ತಿಲಿಗೆ ಎಡವಿದಾಗ ಮೊದಲು ತಗುಲಿದ್ದು ಗೊತ್ತಾಗುತ್ತೆ. ಒಂದು ಕ್ಷಣ ಬಿಟ್ಟು ಉರಿಯೋ ನೋವು ಬರುತ್ತೆ. ಆ ಒಂದು ಕ್ಷಣ, ನಿಧಾನದ ಎಳೆಯಲ್ಲಿ ನೋವು ಪಾದದಿಂದ ನಡೆದುಕೊಂಡು ಬರೋಕೆ ಹಿಡಿದ ಸಮಯ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನರರೋಗ ತಜ್ಞರು "ಏನಾಗಿದೆ" ಅನ್ನೋದಕ್ಕಿಂತ ಮೊದಲು ಕೇಳಿಕೊಳ್ಳೋ ಪ್ರಶ್ನೆ "ಎಲ್ಲಿ ಆಗಿದೆ". ನಾವು ಪ್ರೊಡಕ್ಷನ್‌ನಲ್ಲಿ ಏನಾದರೂ ಕೆಟ್ಟಾಗ ಮಾಡೋದೂ ಅದನ್ನೇ. ಯಾವ ಸೇವೆ ನಡೀತಿದೆ, ಯಾವುದು ನಿಂತಿದೆ ಅಂತ ಪಟ್ಟಿ ಮಾಡಿದರೆ, ನಿಂತಿದ್ದೆಲ್ಲ ಒಟ್ಟಿಗೆ ಸೇರೋ ಜಾಗದಲ್ಲಿ ದೋಷ ಇರುತ್ತೆ.

ಎಲ್ಲರೂ ಒಂದು ಸಲ ನಿಮ್ಮ ಕೈ ನೋಡ್ಕೊಳ್ಳಿ. ಕಿರುಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಜುಮ್ಮೆನ್ನುತ್ತಾ? ಹಾಗಾದರೆ ಮೊಣಕೈ ಅನುಮಾನಿಸಿ. ಮೊಣಕೈ ಗೋಡೆಗೆ ತಗುಲಿದಾಗ ಕರೆಂಟ್ ಹೊಡೆದ ಹಾಗಾಗುತ್ತಲ್ಲ, ಆ ನರ ಅದು. ಮೇಜಿನ ಅಂಚಿಗೆ ಮೊಣಕೈ ಊರಿ ಕೂರೋರಿಗೆ ಬರುತ್ತೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ರಾತ್ರಿ ಮರಗಟ್ಟಿ ಎಚ್ಚರ ಆಗುತ್ತಾ? ಮಣಿಕಟ್ಟಿನಲ್ಲಿ ಇನ್ನೊಂದು ನರ ಒತ್ತಿಹೋಗ್ತಿರಬಹುದು. ಕತ್ತು ತಿರುಗಿಸಿದಾಗ ನೋವು ಭುಜದಿಂದ ಕೈಗೆ ಇಳಿಯುತ್ತಾ? ಕತ್ತಿನಲ್ಲಿ ನರದ ಬುಡ ನೋಡಬೇಕು. ಮೂರರಲ್ಲೂ ನಾವು ಹೇಳೋದು "ಕೈ ಜೋಮು ಹಿಡಿದಿದೆ" ಅಂತ ಒಂದೇ ಮಾತು. ಯಾವ ಬೆರಳು ಅಂತ ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಆದ ಹಾಗೆ.

ಇನ್ನು ಮೆದುಳು. ತೂಕ ಸುಮಾರು 1.3 ರಿಂದ 1.4 ಕಿಲೋ. ದೇಹದ ತೂಕದಲ್ಲಿ ಶೇಕಡಾ 2, ಆದರೆ ನಾವು ಸುಮ್ಮನೆ ಕೂತಾಗ ಖರ್ಚಾಗೋ ಆಮ್ಲಜನಕದಲ್ಲಿ ಶೇಕಡಾ 20 ಅದಕ್ಕೇ ಬೇಕು. ಕೂಡಿಡೋಕೆ ಅದಕ್ಕೆ ಗೋದಾಮು ಇಲ್ಲ, ರಕ್ತ ನಿಂತರೆ ನಿಮಿಷಗಳಲ್ಲೇ ಕಷ್ಟ ಶುರು. ನರಕೋಶಗಳು ಸುಮಾರು 8,600 ಕೋಟಿ ಅಂತ 2009ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಎಣಿಸಿದರು. ಅದರಲ್ಲಿ ಸುಮಾರು 6,900 ಕೋಟಿ ಹಿಂದೆ ಕೆಳಗಿರುವ ಅನುಮಸ್ತಿಷ್ಕದಲ್ಲೇ ಇವೆ. ಸಮತೋಲ, ಚಲನೆಯ ಹದ ಎಲ್ಲ ಅದರ ಕೆಲಸ. ಯೋಚನೆ, ಮಾತು, ನೆನಪು ಅಂತ ನಾವು ಹೆಮ್ಮೆಪಡೋ ಮಹಾಮಸ್ತಿಷ್ಕದ ಹೊರಪದರದಲ್ಲಿ ಸುಮಾರು 1,600 ಕೋಟಿ. ಇವೆರಡಕ್ಕೂ ಬೆನ್ನುಹುರಿಗೂ ನಡುವೆ ಮೆದುಳಿನ ಕಾಂಡ ಇದೆ. ಉಸಿರು, ಎದೆಬಡಿತ, ಎಚ್ಚರ ಅಲ್ಲಿಂದ ನಡೆಯುತ್ತೆ.

ಇದನ್ನೆಲ್ಲ ನಕ್ಷೆ ಮಾಡೋ ದೊಡ್ಡ ಕೆಲಸ ನಮ್ಮ ಚೆನ್ನೈನಲ್ಲೇ, ನಾವು ದಿನಾ ಓಡಾಡೋ ದಾರಿಯಿಂದ ಸ್ವಲ್ಪ ದೂರದಲ್ಲೇ ನಡೀತಿದೆ. ಐಐಟಿ ಮದ್ರಾಸಿನಲ್ಲಿ 2022ರಲ್ಲಿ ಸುಧಾ ಗೋಪಾಲಕೃಷ್ಣನ್ ಬ್ರೈನ್ ಸೆಂಟರ್ ಶುರುವಾಯ್ತು. ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ನೆರವು ಅದಕ್ಕಿದೆ. ಅವರೂ ಅಲ್ಲೇ ಎಂಟೆಕ್ ಮಾಡಿದವರು. 2024ರ ಡಿಸೆಂಬರ್‌ನಲ್ಲಿ ಆ ಕೇಂದ್ರದವರು "ಧರಣಿ" ಅನ್ನೋ ಅಟ್ಲಾಸ್ ಬಿಡುಗಡೆ ಮಾಡಿದರು. ಗರ್ಭದಲ್ಲಿ ಬೆಳೆಯುವ ಹಂತದ ಐದು ಮೆದುಳುಗಳ 5,132 ತೆಳು ಹಾಳೆಗಳನ್ನು, ಒಂದೊಂದು ಕೋಶವೂ ಕಾಣುವ ಹಾಗೆ ಚಿತ್ರ ತೆಗೆದು, ಯಾರು ಬೇಕಾದರೂ ನೋಡೋಕೆ ಇಂಟರ್ನೆಟ್‌ನಲ್ಲಿ ಇಟ್ಟಿದ್ದಾರೆ. ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ತೆರೆದು ಕೂತವನು ಎರಡು ಗಂಟೆ ಆದರೂ ಏಳಲಿಲ್ಲ. ಜೂಮ್ ಮಾಡ್ತಾ ಹೋದ ಹಾಗೆ ಬಣ್ಣದ ಚುಕ್ಕೆಗಳ ಸಾಲು. ಪ್ರತಿ ಚುಕ್ಕೆಯೂ ಒಂದು ಕೋಶ. ನರಮಂಡಲ ಅಂದರೆ ಒಂದೇ ಬಲೆಯಾಗಿ ಬೆಸೆದುಕೊಂಡಿರೋದಾ, ಬಿಡಿ ಕೋಶಗಳಾ ಅಂತ ಒಂದು ಕಾಲದಲ್ಲಿ ದೊಡ್ಡ ಜಗಳ ಇತ್ತು. ಎರಡು ಪಕ್ಷದ ನಾಯಕರಾದ ಗಾಲ್ಜಿ ಮತ್ತು ಕಹಾಲ್ 1906ರಲ್ಲಿ ನೊಬೆಲ್ ಬಹುಮಾನವನ್ನ ಹಂಚಿಕೊಂಡರು. ಕೊನೆಗೆ ಸರಿ ಅಂತ ಉಳಿದಿದ್ದು ಕಹಾಲ್ ಹೇಳಿದ ಬಿಡಿ ಕೋಶಗಳ ಮಾತು.

ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಮ್ಯೂಸಿಯಂ ನೋಡಿ. ಅಲ್ಲಿಯ ಮೆದುಳು ಬ್ಯಾಂಕ್ 1995ರಿಂದ ಇದೆ, ಸತ್ತ ಮೇಲೆ ಮನೆಯವರು ದಾನ ಕೊಟ್ಟ ಮೆದುಳುಗಳನ್ನು ಸಂಶೋಧನೆಗೆ ಕಾಪಾಡುತ್ತಾರೆ. ಮ್ಯೂಸಿಯಂನಲ್ಲಿ ನಿಜವಾದ ಮೆದುಳನ್ನ ಕೈಯಲ್ಲಿ ಹಿಡಿಯಬಹುದು. ನಾನು ಹಿಡಿದೆ. ಎಡಭಾಗ ಯಾವುದು ಅಂತ ತಿರುಗಿಸಿ ನೋಡಿದೆ.

ಯಾಕೆ ಎಡಭಾಗ? ಮೆದುಳಿನಿಂದ ಸ್ನಾಯುಗಳಿಗೆ ಇಳಿಯೋ ಎಳೆಗಳಲ್ಲಿ ಹೆಚ್ಚಿನವು ಕತ್ತಿನ ಮೇಲೆ, ಮೆದುಳಿನ ಕಾಂಡದ ಕೆಳತುದಿಯಲ್ಲಿ ಪಕ್ಕ ಬದಲಾಯಿಸುತ್ತವೆ. ಅದಕ್ಕೇ ಎಡ ಮೆದುಳು ಬಲಗೈಯನ್ನ ನಡೆಸುತ್ತೆ. ಮಾತಿನ ಜಾಗವೂ ಹೆಚ್ಚಿನವರಲ್ಲಿ ಎಡಕ್ಕೇ ಇದೆ. ಪ್ಯಾರಿಸ್‌ನಲ್ಲಿ 1861ರಲ್ಲಿ ಬ್ರೊಕಾ ಅನ್ನೋ ವೈದ್ಯರು, ಒಂದೇ ಒಂದು ಉಚ್ಚಾರ ಬಿಟ್ಟು ಬೇರೇನೂ ಹೇಳಲಾಗದೆ ಬದುಕಿದ್ದ ರೋಗಿಯೊಬ್ಬರ ಮೆದುಳನ್ನು ಅವರು ತೀರಿದ ಮೇಲೆ ನೋಡಿದರು. ಎಡಭಾಗದ ಮುಂದೆ ಹಾನಿ ಇತ್ತು. ಮೆದುಳಿನಲ್ಲಿ ಕೆಲಸಕ್ಕೆ ಜಾಗ ಇದೆ ಅನ್ನೋದಕ್ಕೆ ಅದು ದೊಡ್ಡ ಸಾಕ್ಷಿಯಾಯ್ತು.

ಈಗ ನಮ್ಮ ಮನೆಯ ಆ ಬೆಳಗನ್ನ ಮತ್ತೆ ನೋಡಿ. ಹಾಲಿಗೆ ಛತ್ರಿ ಅಂದರು: ಮಾತು, ಎಡ ಮೆದುಳು. ಬಲಗೈಯಿಂದ ಚಮಚ ಬಿತ್ತು: ಎಡ ಮೆದುಳು. ಬಾಯಿ ಬಲಕ್ಕೆ ಸೋತಿತ್ತು: ಮತ್ತೆ ಎಡ ಮೆದುಳು. ಮೂರೂ ಒಂದೇ ಜಾಗ ತೋರಿಸ್ತಿವೆ. ಆದರೆ ಅಮ್ಮ, ಪಕ್ಕದ ಮನೆಯವರು, ನಾನು, ಎಲ್ಲರೂ ಮೋಸಹೋಗಿದ್ದು ಒಂದೇ ಕಡೆ. "ಓಡಾಡ್ಕೊಂಡಿದಾರಲ್ಲ, ಲಕ್ವ ಹೊಡೆದಿದ್ದರೆ ನಡೀತಿದ್ರಾ?" ನಡೀತಾರೆ. ಕೈ, ಮುಖ, ಮಾತು ಇವುಗಳ ಜಾಗ ಮೆದುಳಿನ ಹೊರಪಕ್ಕದಲ್ಲಿದೆ, ಅಲ್ಲಿಗೆ ಒಂದು ರಕ್ತನಾಳ. ಕಾಲಿನ ಜಾಗ ಎರಡು ಅರ್ಧಗಳು ಒಂದಕ್ಕೊಂದು ಎದುರಾಗುವ ಒಳಗೋಡೆಯಲ್ಲಿದೆ, ಅಲ್ಲಿಗೆ ಬೇರೆ ರಕ್ತನಾಳ. ಮೊದಲನೆಯದು ಕಟ್ಟಿಕೊಂಡರೆ ಮನುಷ್ಯ ನಡೆದುಕೊಂಡೇ ಬಚ್ಚಲಿಗೆ ಹೋಗಬಹುದು, ಮಗನ ಹೆಸರು ಮಾತ್ರ ಬಾಯಿಗೆ ಬರಲ್ಲ.

ಊರಲ್ಲಿ ಇನ್ನೊಂದು ನಂಬಿಕೆ ಇದೆ, ನಿಮಗೂ ಗೊತ್ತಿರುತ್ತೆ: ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚೋದು. ವಾಸಿಯಾದವರನ್ನ ಕಣ್ಣಾರೆ ನೋಡಿದೀವಿ ಅಂತಾರೆ. ಸುಳ್ಳು ಹೇಳ್ತಿಲ್ಲ, ನೋಡಿರ್ತಾರೆ. ಆದರೆ ಅವರು ನೋಡಿದ್ದು ಬಹುಮಟ್ಟಿಗೆ ಬೇರೆ ಕಾಯಿಲೆ. 12 ಜೋಡಿಯಲ್ಲಿ ಏಳನೆಯದು ಮುಖದ ನರ. ಅದು ಊದಿಕೊಂಡು ಕೆಟ್ಟರೂ ಮುಖ ಒಂದು ಕಡೆ ಸೋಲುತ್ತೆ, ಅದಕ್ಕೆ ಬೆಲ್ಸ್ ಪಾಲ್ಸಿ ಅಂತ ಹೆಸರು. ಅದು ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳಲ್ಲಿ ತಾನಾಗಿ ಸರಿಹೋಗುತ್ತೆ, ಹೆಸರು ಪಾರಿವಾಳಕ್ಕೆ ಬರುತ್ತೆ. ವ್ಯತ್ಯಾಸ ಹಣೆಯಲ್ಲಿದೆ. ಹಣೆಯ ಸ್ನಾಯುವಿಗೆ ಮೆದುಳಿನ ಎರಡೂ ಕಡೆಯಿಂದ ಆಜ್ಞೆ ಬರುತ್ತೆ. ಹಾಗಾಗಿ ಮೆದುಳಿನಲ್ಲಿ ತೊಂದರೆಯಾದರೆ ಬಾಯಿ ಸೊಟ್ಟಗಾದರೂ ಹಣೆ ಸಾಮಾನ್ಯವಾಗಿ ಸುಕ್ಕುಗಟ್ಟುತ್ತೆ. ಮುಖದ ನರವೇ ಕೆಟ್ಟರೆ ಹಣೆಯೂ ಸುಕ್ಕಾಗಲ್ಲ, ಕಣ್ಣೂ ಪೂರ್ತಿ ಮುಚ್ಚಲ್ಲ. ಇದನ್ನ ತಿಳ್ಕೊಳ್ಳಿ, ಆದರೆ ಮನೆಯಲ್ಲಿ ಕೂತು ತೀರ್ಪು ಕೊಡಬೇಡಿ. ಮುಖ ಜಗ್ಗಿದರೆ ಯಾವುದೇ ಇರಲಿ, ಆಸ್ಪತ್ರೆ. ಬೆಲ್ಸ್ ಪಾಲ್ಸಿಗೂ ಮೊದಲ ಮೂರು ದಿನದೊಳಗೆ ಔಷಧಿ ಶುರುಮಾಡಿದರೆ ಒಳ್ಳೆಯದು.

ಈಗ ಒಂದು ಲೆಕ್ಕ. ದೊಡ್ಡ ರಕ್ತನಾಳ ಕಟ್ಟಿಕೊಂಡ ಪಾರ್ಶ್ವವಾಯುವಿನಲ್ಲಿ ಚಿಕಿತ್ಸೆ ಇಲ್ಲದೆ ಹೋಗುವ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅನ್ನೋದು 2006ರ ಒಂದು ಹೆಸರಾಂತ ಅಂದಾಜು. ನಾನು ಫೋನ್ ಇಟ್ಟಾಗ ಏಳು ಹತ್ತು, ಅಮ್ಮ ಮಾಡಿದಾಗ ಹನ್ನೆರಡೂ ಮುಕ್ಕಾಲು. 335 ನಿಮಿಷ. ಗುಣಿಸಿದರೆ 63 ಕೋಟಿಗೂ ಮೇಲೆ. 8,600 ಕೋಟಿಯಲ್ಲಿ ಇದು ಶೇಕಡಾ ಒಂದೂ ಅಲ್ಲ. ಆದರೆ ಆ ಶೇಕಡಾ ಒಂದರಲ್ಲಿ ಹಾಲು ಇತ್ತು, ಛತ್ರಿ ಇತ್ತು, ನನ್ನ ಹೆಸರಿತ್ತು. ಎಷ್ಟು ಹೋಯ್ತು ಅನ್ನೋದಕ್ಕಿಂತ ಎಲ್ಲಿ ಹೋಯ್ತು ಅನ್ನೋದೇ ದೊಡ್ಡದು ಅಂತ ನನಗೆ ಹಾಗೆ ಗೊತ್ತಾಯ್ತು.

ಅಪ್ಪ ಇದ್ದಾರೆ. ಎದೆಬಡಿತ, ಉಸಿರು, ಜೀರ್ಣ, ಬೆವರು, ಇವನ್ನೆಲ್ಲ ನಮ್ಮನ್ನ ಕೇಳದೆ ನಡೆಸೋ ಸ್ವಾಯತ್ತ ನರಮಂಡಲ ಅವರಲ್ಲಿ ಚೆನ್ನಾಗಿದೆ. ಅದರಲ್ಲಿ ಎರಡು ಕೈ: ಓಡು ಅನ್ನೋದು ಒಂದು, ವಿಶ್ರಾಂತಿ ಮಾಡು ಅನ್ನೋದು ಇನ್ನೊಂದು. ಜೊತೆಗೆ ಕರುಳಿನ ಗೋಡೆಯಲ್ಲೇ ಕೋಟ್ಯಂತರ ನರಕೋಶಗಳ ಸ್ವಂತ ಜಾಲ ಇದೆ. ಅಪ್ಪ ನಾವು ಹೇಳೋದೆಲ್ಲ ಅರ್ಥ ಮಾಡ್ಕೊಳ್ತಾರೆ. ಹೇಳೋಕೆ ಹೊರಟ ಪದ ಸಿಗಲ್ಲ, ಕಣ್ಣಲ್ಲಿ ನೀರು ಬರುತ್ತೆ. ಆದರೆ ನಾನು "ಹದಿನೇಳೊಂದ್ಲ" ಅಂತ ಶುರು ಮಾಡಿದರೆ ಹದಿನೇಳರ ಮಗ್ಗಿ ಕೊನೆತನಕ ಒಂದೂ ತಪ್ಪಿಲ್ಲದೆ ಹೇಳ್ತಾರೆ. ಮೊದಲ ಸಲ ಕೇಳಿದಾಗ ಅಮ್ಮ ಅಡುಗೆಮನೆಯಿಂದ ಓಡಿಬಂದಳು. ಬಾಯಿಪಾಠ, ಹಾಡು, ಎಣಿಕೆ ಇವುಗಳು ಹೊಸದಾಗಿ ಕಟ್ಟೋ ಮಾತಿನ ದಾರಿಯನ್ನೇ ಪೂರ್ತಿ ನಂಬಿಕೊಂಡಿಲ್ಲ. ಹಾಡಿನ ಧಾಟಿ ಹಿಡಿದು ಮಾತು ಕಲಿಸೋ ಚಿಕಿತ್ಸೆ 1970ರ ದಶಕದಿಂದಲೇ ಇದೆ. ಈಗ ದಿನಾ ಸಂಜೆ ವಿಡಿಯೋ ಕಾಲಿನಲ್ಲಿ ನಾವಿಬ್ಬರೂ ಮಗ್ಗಿಯಿಂದ ಶುರು ಮಾಡ್ತೀವಿ, ಆಮೇಲೆ ಮನೆಯ ಸಾಮಾನಿನ ಹೆಸರು.

ಕೊನೆಗೆ, ನಿಮ್ಮಿಂದ ಒಂದೇ ಕೇಳಿಕೆ. ನಮ್ಮ ಅಪ್ಪ ಅಮ್ಮಂದಿರು ಊರಲ್ಲಿದ್ದಾರೆ, ನಾವು ಇಲ್ಲಿದೀವಿ. ಫೋನಿನಲ್ಲಿ ಮಾತು ವಿಚಿತ್ರ ಅನ್ನಿಸಿದರೆ ನಗಬೇಡಿ. ವಿಡಿಯೋ ಆನ್ ಮಾಡ್ಸಿ. ನಗೋಕೆ ಹೇಳಿ, ಬಾಯಿ ಎರಡೂ ಕಡೆ ಸಮ ಇದೆಯಾ ನೋಡಿ. ಎರಡೂ ಕೈ ಮುಂದಕ್ಕೆ ಎತ್ತಿ ಹಿಡಿಯೋಕೆ ಹೇಳಿ, ಒಂದು ಜಾರುತ್ತಾ ನೋಡಿ. ಒಂದು ಸರಳ ವಾಕ್ಯ ಹೇಳಿಸಿ. ಒಂದು ತಪ್ಪಿದರೂ 108. ಕೊನೆಯ ಸಲ ಸರಿಯಾಗಿದ್ದಿದ್ದು ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳೋದು ಅದನ್ನೇ. ಗಡ್ಡೆ ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಗಡುವು. ಗಡ್ಡೆಯನ್ನ ಕೊಳವೆ ಹಾಕಿ ಎಳೆಯೋ ಚಿಕಿತ್ಸೆ ಆಯ್ದ ಕೆಲವರಿಗೆ 24 ಗಂಟೆವರೆಗೂ ಸಾಧ್ಯ, ಆದ್ದರಿಂದ ತಡವಾಯ್ತು ಅಂತಲೂ ಸುಮ್ಮನಾಗಬೇಡಿ. ಬಾಯಿಗೆ ನೀರು, ಮಾತ್ರೆ ಏನೂ ಹಾಕಬೇಡಿ. ನುಂಗೋಕೆ ಆಗದೆ ಶ್ವಾಸಕ್ಕೆ ಹೋಗಬಹುದು. ರಕ್ತ ಕಟ್ಟಿದೆಯಾ ಒಡೆದಿದೆಯಾ ಅನ್ನೋದು ಸ್ಕ್ಯಾನ್ ಆಗೋವರೆಗೆ ಯಾರಿಗೂ ಗೊತ್ತಿರಲ್ಲ. ಹತ್ತಿರದ ಆಸ್ಪತ್ರೆ ಅಂತ ಹೋಗೋ ಬದಲು ಸಿಟಿ ಸ್ಕ್ಯಾನ್ ಇದ್ದು, ಪಾರ್ಶ್ವವಾಯುವಿಗೆ ಚಿಕಿತ್ಸೆ ಕೊಡೋ ಆಸ್ಪತ್ರೆ ನಿಮ್ಮ ಊರಿಗೆ ಯಾವುದು ಹತ್ತಿರ ಅಂತ ಇವತ್ತೇ ವಿಚಾರಿಸಿ, ಹೆಸರು ಬರೆದು ಅಮ್ಮನ ಹತ್ತಿರ ಫ್ರಿಜ್ ಮೇಲೆ ಅಂಟಿಸಿ.

ನಮ್ಮ ಮನೆಯ ಫ್ರಿಜ್ ಮೇಲೆ ಈಗ ಅಂಟಿಸಿದೀವಿ. ಹೋದ ವಾರ ಅಪ್ಪ ಅದರ ಮುಂದೆ ನಿಂತು, ಬಾಗಿಲು ತೆಗೆದು, ತಪಲೆ ತೋರಿಸಿ, ತುಂಬಾ ಹೊತ್ತು ತಗೊಂಡು, "ಹಾಲು" ಅಂದರು.

ಊರಿಗೆ ಇವತ್ತು ಒಂದು ಫೋನ್ ಮಾಡಿ.